ಪರದೆಗೆ ಬಂದ ರಂಗದ ಕುದುರೆ

ಸಿನಿಮಾ ಮಂದಿರದಲ್ಲಿ ಕೂತು ನೋಡಿದ ನಾಟಕ ನಾಟಕವೇ? ಲಂಡನ್ನಿನ ನ್ಯಾಷನಲ್ ಥಿಯೇಟರ್ 2009ರಲ್ಲಿ ತನ್ನ ಪ್ರಯೋಗಗಳನ್ನು ಚಿತ್ರಮಂದಿರಗಳಿಗೆ ನೇರಪ್ರಸಾರ ಮಾಡತೊಡಗಿದ ಮೇಲೆ ಈ ತಕರಾರು ನಡೆದೇ ಇದೆ. ನಟನೂ ಪ್ರೇಕ್ಷಕನೂ ಒಂದೇ ಸೂರಿನಡಿ ಉಸಿರಾಡದಿದ್ದರೆ ಅದು ರಂಗಭೂಮಿಯೇ ಅಲ್ಲ ಎನ್ನುವವರ ಮಾತಿನಲ್ಲಿ ಹುರುಳಿದೆ. ಆದರೆ ‘ವಾರ್ ಹಾರ್ಸ್’ ನಾಟಕವನ್ನು ಮುಂದಿಟ್ಟುಕೊಂಡು ಯೋಚಿಸಿದರೆ ಆ ಮಾತು ಅರ್ಧ ಮಾತ್ರ ನಿಜ ಅನ್ನಿಸುತ್ತದೆ.

ಮೈಕೆಲ್ ಮೊರ್ಪರ್ಗೊ 1982ರಲ್ಲಿ ಬರೆದ ಇದೇ ಹೆಸರಿನ ಕಾದಂಬರಿಯಲ್ಲಿ ಮೊದಲ ಮಹಾಯುದ್ಧದ ಕಥೆ ಹೇಳುವುದು ಜೋಯಿ ಎಂಬ ಕುದುರೆಯೇ. 2007ರಲ್ಲಿ ಅದು ರಂಗಕ್ಕೆ ಬಂದಾಗ ಕುದುರೆಗೆ ಮಾತಿರಲಿಲ್ಲ. ದಕ್ಷಿಣ ಆಫ್ರಿಕಾದ ಹ್ಯಾಂಡ್‌ಸ್ಪ್ರಿಂಗ್ ತಂಡ ಬೆತ್ತ, ಅಲ್ಯೂಮಿನಿಯಂ, ತೆಳು ಬಟ್ಟೆಗಳಿಂದ ನಿಜ ಕುದುರೆಯಷ್ಟೇ ದೊಡ್ಡ ಗೊಂಬೆ ಕಟ್ಟಿತು. ಒಬ್ಬರು ಹೊರಗೆ ನಿಂತು ತಲೆ ಆಡಿಸುತ್ತಾರೆ, ಕಿವಿ ಹೊರಳಿಸುತ್ತಾರೆ. ಇಬ್ಬರು ಒಡಲೊಳಗಿದ್ದು ಕಾಲು ನಡೆಸುತ್ತಾರೆ. ಒಳಗಿನವರು ಮಂಡಿ ತುಸು ಬಗ್ಗಿಸಿ ಎದ್ದರೆ ಕುದುರೆ ಉಸಿರೆಳೆದುಕೊಂಡಂತೆ ಕಾಣುತ್ತದೆ. ಮೂವರ ದನಿ ಕೂಡಿದರೆ ಅದರ ಕೆನೆತ. ಆಡಿಸುವವರಿಗೆ ಮುಚ್ಚುಮರೆ ಏನೂ ಇಲ್ಲ. ಆದರೂ ಸ್ವಲ್ಪ ಹೊತ್ತಿಗೆ ಮನುಷ್ಯರು ಮರೆತುಹೋಗಿ ಕುದುರೆಯಷ್ಟೇ ಉಳಿಯುತ್ತದೆ. ಅದಕ್ಕೆ ಜೀವ ತುಂಬುವುದರಲ್ಲಿ ನೋಡುವವನದೂ ಪಾಲಿದೆ; ಕಾದಂಬರಿ ಓದುವಾಗ ಕುದುರೆಯ ದನಿಯನ್ನು ನಂಬಿದವನೂ ಇದನ್ನೇ ಮಾಡಿದ್ದ.

2014ರ ಫೆಬ್ರವರಿ 27ರಂದು ಈ ನಾಟಕ ಲಂಡನ್ನಿನಿಂದ ಪರದೆಗೆ ಹೋಯಿತು. ದೂರದಿಂದ ನೋಡುವುದಕ್ಕಿಂತ ನನ್ನನ್ನು ಹೆಚ್ಚು ಅಂಜಿಸುವುದು ಕ್ಲೋಸಪ್. ರಂಗದ ಮುಂದೆ ಕೂತಾಗ ಎಲ್ಲಿ ನೋಡಬೇಕೆಂಬುದು ನಮ್ಮಿಷ್ಟ. ಪರದೆಯಲ್ಲಿ ಅದನ್ನು ಕ್ಯಾಮೆರಾ ನಿರ್ಧರಿಸುತ್ತದೆ. ಆಡಿಸುವವರನ್ನು ಚೌಕಟ್ಟಿನಾಚೆ ಬಿಟ್ಟು ಕುದುರೆಯ ಮುಖವನ್ನಷ್ಟೇ ಹಿಗ್ಗಿಸಿದರೆ ಕಾಣುವುದು ಬೆತ್ತ, ಬಟ್ಟೆ. ಅದಕ್ಕಿಂತ ಇದೇ ಕಥೆಗೆ ನಿಜ ಕುದುರೆಗಳನ್ನು ಓಡಿಸಿದ ನಿರ್ದೇಶಕ ಸ್ಪೀಲ್‌ಬರ್ಗ್‌ನ 2011ರ ಸಿನಿಮಾವೇ ವಾಸಿ. ಕ್ಯಾಮೆರಾ ಹಿಂದೆ ಸರಿದು ಮೂವರನ್ನೂ ಇಡಿಯಾಗಿ ತೋರಿಸಿದರೆ, ನೂರಾರು ಮೈಲಿ ಆಚೆ ಕೂತವನೂ ಆ ಗೊಂಬೆಗೆ ಜೀವ ತುಂಬಬಲ್ಲ.

ಇನ್ನು ಹಣದ ಮಾತು. ನ್ಯಾಷನಲ್ ಥಿಯೇಟರ್ ಸಾರ್ವಜನಿಕ ಅನುದಾನ ಪಡೆಯುವ ಸಂಸ್ಥೆ. ಜೋಯಿಯ ಕಥೆ ಶುರುವಾಗುವ ಡೆವನ್ ಪ್ರಾಂತದ ಹಳ್ಳಿಯವನೂ ತೆರಿಗೆ ಕಟ್ಟುತ್ತಾನೆ. ಟಿಕೆಟ್ಟಿನ ಜೊತೆ ರೈಲಿನ ಖರ್ಚು, ರಾತ್ರಿ ತಂಗುವ ಖರ್ಚು ಸೇರಿದರೆ ಲಂಡನ್ನಿನ ನಾಟಕ ಅವನ ಕೈಗೆಟುಕುವುದು ಕಷ್ಟ. ತನ್ನ ಸೀಮೆಯ ಕಥೆಯನ್ನು ಹತ್ತಿರದ ಪಟ್ಟಣದಲ್ಲಿ ನೋಡಲು ಅವನಿಗೆ ಹಕ್ಕಿದೆ. ರಂಗಶುದ್ಧಿಯ ಹೆಸರಿನಲ್ಲಿ ಪ್ರಸಾರ ನಿಲ್ಲಿಸಿ ಎನ್ನುವುದು ಅನ್ಯಾಯ. ಕ್ಯಾಮೆರಾ ಹಿಡಿದವರು ಕ್ಲೋಸಪ್ಪಿನ ಆಸೆ ತಡೆದುಕೊಂಡರೆ ಸಾಕು.