ಮೈಕ್ ಒಳ್ಳೆಯದೇ, ಇಟ್ಟ ಜಾಗ ಕೆಟ್ಟದ್ದು

‘ಎಲ್ಲಕ್ಕೂ ಆಗುವ ಮೈಕ್’ ಎಂಬ ಮಾತು ಸ್ಟುಡಿಯೋಗಳಲ್ಲಿ ಸೋಮಾರಿತನದ ಮರ್ಯಾದಸ್ಥ ಹೆಸರಾಗಿಬಿಟ್ಟಿದೆ. 1971ರಲ್ಲಿ ಆಸ್ಟ್ರಿಯಾದ ಎಕೆಜಿ ಕಂಪನಿ ತಂದ ಸಿ414 ಇದಕ್ಕೆ ಒಳ್ಳೆಯ ಉದಾಹರಣೆ. ಹಾಡುಗಾರಿಕೆ, ಪಿಯಾನೊ, ಗಿಟಾರ್, ಡ್ರಮ್ಸ್ ಎಲ್ಲಕ್ಕೂ ಒದಗುತ್ತದೆಂಬ ಖ್ಯಾತಿ ಅದಕ್ಕಿದೆ. ಖ್ಯಾತಿ ಸುಳ್ಳಲ್ಲ. ಸುಳ್ಳು ಇರುವುದು ಅದನ್ನು ಒಮ್ಮೆ ಸ್ಟ್ಯಾಂಡಿಗೆ ಸಿಕ್ಕಿಸಿದರೆ ಮುಂದೆ ಯಾವ ವಾದ್ಯ ಬಂದು ಕೂತರೂ ಸಾಕು ಎಂಬ ನಂಬಿಕೆಯಲ್ಲಿ.

ಇಂದಿನ ಸಿ414 ಎಕ್ಸ್‌ಎಲ್‌ಎಸ್‌ನಲ್ಲಿ ಯಾವ ದಿಕ್ಕಿನಿಂದ ಎಷ್ಟು ಕೇಳಿಸಿಕೊಳ್ಳಬೇಕೆಂದು ಆರಿಸಲು ಒಂಬತ್ತು ಆಯ್ಕೆಗಳಿವೆ. ಜೋರಾದ ಸದ್ದನ್ನು 6, 12, 18 ಡೆಸಿಬೆಲ್ ತಗ್ಗಿಸುವ ಸ್ವಿಚ್ ಬೇರೆ. ಈ ಆಯ್ಕೆಗಳು ಶೋಭೆಗಲ್ಲ. ಪ್ರತಿ ವಾದ್ಯಕ್ಕೂ ಹೊಸದಾಗಿ ಕೇಳಲೇಬೇಕಾದ ಪ್ರಶ್ನೆಗಳು.

ಮೃದಂಗವನ್ನೇ ನೋಡಿ. ಕಾರ್ಡಿಯಾಯ್ಡ್‌ನಲ್ಲಿಟ್ಟ ಮೈಕನ್ನು ರವೆ ಹಚ್ಚಿದ ಎಡಮುಖಕ್ಕೆ ಅಂಟಿಸಿದಂತೆ ಇಟ್ಟರೆ ತಳಧ್ವನಿ ಊದಿಕೊಳ್ಳುತ್ತದೆ. ಹತ್ತಿರ ಹೋದಷ್ಟೂ ತಗ್ಗು ಸ್ವರ ಉಬ್ಬುವುದು ಅಂಥ ಮೈಕಿನ ಸ್ವಭಾವ. ಬಲಮುಖಕ್ಕೆ ಕರಣೆ ಇರುವುದರಿಂದಲೇ ಅದರ ಉಪಸ್ವರಗಳು ಶ್ರುತಿಬದ್ಧವಾಗಿ ಹೊಂದುತ್ತವೆ ಎಂದು ಸಿ.ವಿ. ರಾಮನ್ 1920ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಸಹಲೇಖಕರೊಬ್ಬರೊಡನೆ ಬರೆದರು. ಆ ಉಪಸ್ವರಗಳು ಚರ್ಮದ ಒಂದೇ ಬಿಂದುವಿನಿಂದ ಹೊರಡುವುದಿಲ್ಲ. ಮೈಕನ್ನು ಎರಡು ಮೂರು ಅಡಿ ಹಿಂದೆ ಸರಿಸಿ ಕೇಳಿದರೆ ಎರಡು ಮುಖಗಳ ಸಂವಾದ ಕಿವಿಗೆ ಬೀಳುತ್ತದೆ. ಕೊಳಲಿಗೆ ಊದುವ ರಂಧ್ರದ ಎದುರೇ ಮೈಕಿಟ್ಟರೆ ಸಿಗುವುದು ಉಸಿರಿನ ಗಾಳಿ. ಸ್ವಲ್ಪ ಮೇಲೆ, ಪಕ್ಕಕ್ಕೆ ತಂದರೆ ಬೆರಳಿನ ರಂಧ್ರಗಳ ನಾದವೂ ಸೇರುತ್ತದೆ.

ವೀಣೆಗಂತೂ ದೊಡ್ಡ ಅನ್ಯಾಯ. ಮೈಕ್ ಇಟ್ಟು ಹುಡುಕುವ ತಾಳ್ಮೆಯಿಲ್ಲದೆ ಕೊಡದ ಮೇಲೆ ಪಿಕಪ್ ಅಂಟಿಸಿಬಿಡುತ್ತಾರೆ. ಪಿಕಪ್‌ಗೆ ಸಿಗುವುದು ಮರದ ಒಂದು ಜಾಗದ ನಡುಕ ಮಾತ್ರ. ಗಾಳಿಯಲ್ಲಿ ಅರಳುವ ನಾದವಲ್ಲ.

‘ಗಂಟೆಗೆ ಬಾಡಿಗೆ ಇರುವಾಗ ಇಷ್ಟಕ್ಕೆಲ್ಲ ಹೊತ್ತೆಲ್ಲಿದೆ?’ ಎನ್ನುವವರಿದ್ದಾರೆ. ಕಾಲು ಗಂಟೆ ಮೈಕ್ ಸರಿಸಲು ಹೊತ್ತಿಲ್ಲದವರಿಗೆ ಆಮೇಲೆ ಈಕ್ವಲೈಜರ್ ತಿರುವುತ್ತ ಇಡೀ ಸಂಜೆ ಕಳೆಯಲು ಹೊತ್ತಿರುತ್ತದೆ! ದಾಖಲಾಗದ ನಾದವನ್ನು ಯಾವ ಗುಂಡಿಯೂ ಹುಟ್ಟಿಸಲಾರದು.

ಇದು ತಂತ್ರಜ್ಞರ ಒಳಜಗಳವೂ ಅಲ್ಲ. ಪುಣೆಯಲ್ಲೋ ದೆಹಲಿಯಲ್ಲೋ ಗುರುವಿನಿಂದ ದೂರ ಕುಳಿತು ವೀಣೆ ಕಲಿಯುವ ಹುಡುಗಿಗೆ ಧ್ವನಿಮುದ್ರಣವೇ ವೀಣೆ. ಗಮಕದ ಕೊನೆಯ ಎಳೆ ಅದರಲ್ಲಿಲ್ಲದಿದ್ದರೆ, ಹಾಗೊಂದು ಎಳೆ ಇದೆಯೆಂದೇ ಅವಳಿಗೆ ತಿಳಿಯದು. ಹೊಸ ಮೈಕಿಗೆ ಸಾಲ ಮಾಡುವ ಮೊದಲು ಇರುವ ಮೈಕನ್ನು ಒಂದು ಗೇಣು ಸರಿಸಲಿ. ಅದಕ್ಕೆ ದುಡ್ಡು ಬೇಡ, ಕಿವಿ ಬೇಕು.