ಸೆಕ್ಷನ್ 13 ಮರಳಿ ಬರಲಿ: ನಿಮ್ಮ ಸಂಸದರಿಗೆ ಬರೆಯಿರಿ



ಗುಂಡ್ಲುಪೇಟೆ, ಸುಲ್ತಾನ್ ಬತ್ತೇರಿ, ಕುಟ್ಟ ಕಡೆಯ ನಾವು ಕೆಲವರು ಸೇರಿ ಈ ಮನವಿ ಬರೆಯುತ್ತಿದ್ದೇವೆ. ನಮ್ಮಲ್ಲಿ ಬೇರೆ ಬೇರೆ ಪಕ್ಷಕ್ಕೆ ಮತ ಹಾಕುವವರಿದ್ದಾರೆ. ವಿಪತ್ತಿನಲ್ಲಿ ಎಲ್ಲ ಕಳೆದುಕೊಂಡವರ ಸಾಲದ ವಿಷಯದಲ್ಲಿ ಮಾತ್ರ ನಮ್ಮೊಳಗೆ ಎರಡು ಮಾತಿಲ್ಲ.

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಜರಿಯಿತು. ಇನ್ನೂರಕ್ಕೂ ಹೆಚ್ಚು ಜೀವಗಳು ಹೋದವು. ಕರ್ನಾಟಕದಿಂದ ಹೋಗಿ ಅಲ್ಲಿ ನೆಲೆಸಿದ್ದವರೂ ಸತ್ತರು. ಮನೆ, ತೋಟ, ಅಂಗಡಿ, ಹಸು ಎಲ್ಲ ಕೊಚ್ಚಿಹೋಗಿ, ಅವಕ್ಕೆಂದು ತೆಗೆದ ಸಾಲ ಉಳಿಯಿತು. ಸರ್ಕಾರ ತುರ್ತಿಗೆಂದು ಕೊಟ್ಟ 10,000 ರೂಪಾಯಿ ಖಾತೆಗೆ ಬಿದ್ದೊಡನೆ ಕೆಲವರಿಗೆ ಅದರಲ್ಲೇ ಕಂತು ಕಡಿತವಾಯಿತು. ಸದಾ ಕಿತ್ತಾಡುವ ಪಕ್ಷಗಳ ಯುವಕರೆಲ್ಲ ಕಲ್ಪೆಟ್ಟದಲ್ಲಿ ಕಂತು ಕಡಿದ ಬ್ಯಾಂಕಿನೆದುರು ಪ್ರತಿಭಟನೆಗೆ ಇಳಿದರು, ಹಣ ಹಿಂದಿರುಗಿತು. ಕೇರಳ ಬ್ಯಾಂಕ್ ತನ್ನ ಚೂರಲ್‌ಮಲ ಶಾಖೆಯ ಸಂತ್ರಸ್ತರ ಸಾಲ ಮನ್ನಾ ಮಾಡಿತು. ಹಾಗೆ ಮಾಡಬಹುದಾದರೆ ಉಳಿದ ಬ್ಯಾಂಕುಗಳಿಗೇನು ಅಡ್ಡಿ ಎಂದು ಜನ ಕೇಳಿದ್ದು ನ್ಯಾಯವಾಗಿಯೇ ಇತ್ತು.

2005ರ ವಿಪತ್ತು ನಿರ್ವಹಣಾ ಕಾಯ್ದೆಯ ಸೆಕ್ಷನ್ 13 ಇದ್ದದ್ದೇ ಇಂಥ ಹೊತ್ತಿಗೆ. ಭಾರೀ ವಿಪತ್ತಿನಲ್ಲಿ ನೊಂದವರ ಸಾಲ ಮರುಪಾವತಿಗೆ ವಿನಾಯಿತಿ ಕೊಡಿ, ಸುಲಭ ಷರತ್ತಿನಲ್ಲಿ ಹೊಸ ಸಾಲ ಕೊಡಿ ಎಂದು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಶಿಫಾರಸು ಮಾಡಬಹುದಿತ್ತು. ವಯನಾಡಿನ ಸಾಲ ಮನ್ನಾ ಪ್ರಕರಣ ಕೇರಳ ಹೈಕೋರ್ಟಿನಲ್ಲಿ ನಡೆಯುತ್ತಿರುವಾಗಲೇ 2025ರ ತಿದ್ದುಪಡಿ ಆ ಸೆಕ್ಷನ್ನನ್ನೇ ತೆಗೆದುಹಾಕಿತು. ಸಾಲ ಮನ್ನಾ ಕೇಳಲು ಕಾನೂನಿನಲ್ಲಿ ಇದ್ದ ಆಧಾರವೊಂದು ಹೀಗೆ ಇಲ್ಲವಾಯಿತು.

ಇದು ವಯನಾಡಿನವರ ಪಾಡು ಎಂದು ದಯವಿಟ್ಟು ಪುಟ ತಿರುಗಿಸಬೇಡಿ. 2018ರಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರುಗಳಲ್ಲೂ ಗುಡ್ಡ ಜರಿಯಿತು. 2024ರ ಅದೇ ಜುಲೈನಲ್ಲಿ ಅಂಕೋಲದ ಶಿರೂರು. ಮುಂದಿನ ಮಳೆಗಾಲದಲ್ಲಿ ಯಾವ ಊರಿನ ಸರದಿಯೋ ಯಾರು ಬಲ್ಲರು? ಘಟ್ಟದ ಎಷ್ಟೋ ಕಾಫಿ ತೋಟಗಳು ಬ್ಯಾಂಕ್ ಸಾಲದ ಮೇಲೆಯೇ ನಿಂತಿವೆ.

ನಿಮ್ಮ ಸಂಸದರಿಗೆ ಒಂದು ಪತ್ರ ಬರೆಯಿರಿ. ಸೆಕ್ಷನ್ 13 ಮರಳಿ ತರಲು ಕೇಳಿ. ಹಳೆಯದು ಬರೀ ಶಿಫಾರಸಿಗೆ ಸೀಮಿತವಾಗಿತ್ತು. ಪ್ರಾಧಿಕಾರ ಇಂತಿಷ್ಟು ದಿನದೊಳಗೆ ತೀರ್ಮಾನಿಸಲೇಬೇಕೆಂಬ ಗಡುವೂ ಹೊಸದರಲ್ಲಿ ಸೇರಲಿ. ಕನ್ನಡದಲ್ಲೇ ಬರೆಯಿರಿ. ಊರವರೆಲ್ಲ ಸಹಿ ಹಾಕಿ ಸಂಸತ್ತಿನ ಅರ್ಜಿಗಳ ಸಮಿತಿಗೂ ಹೋಗಬಹುದು. ಅರ್ಜಿಯನ್ನು ಸಂಸದರೊಬ್ಬರ ಮೂಲಕ ಸಲ್ಲಿಸುವುದಾದರೆ ಅವರ ಮೇಲುಸಹಿ ಬೇಕು, ಕನ್ನಡದ ಅರ್ಜಿಯ ಜೊತೆ ಹಿಂದಿ ಅಥವಾ ಇಂಗ್ಲಿಷ್ ಅನುವಾದವಿರಬೇಕು. ಬರುವ ಗ್ರಾಮಸಭೆಯಲ್ಲಿ ಈ ವಿಷಯ ಎತ್ತಿ, ನಿರ್ಣಯ ಬರೆಸಿ, ಅದರ ಪ್ರತಿಯನ್ನು ಪತ್ರದೊಂದಿಗೆ ಕಳಿಸಿ.