ಅರ್ಜಿ ತುಂಬುವ ಮೊದಲು ಟ್ರಂಕು ತೆಗೆಯಿರಿ

ಮಕ್ಕಳೇ, ‘ಸ್ನಾತಕ’ ಎಂಬ ಶಬ್ದ ಕೇಳಿದ್ದೀರಾ? ಅದಕ್ಕೂ ಸ್ನಾನಕ್ಕೂ ನೆಂಟಸ್ತನವಿದೆ. ಹಿಂದೆ ಗುರುವಿನ ಮನೆಯಲ್ಲಿ ವಿದ್ಯೆ ಮುಗಿದ ಮೇಲೆ ಶಿಷ್ಯನಿಗೆ ಸ್ನಾನದ ಒಂದು ವಿಧಿ ಇತ್ತು. ಅದನ್ನು ಮುಗಿಸಿ ಊರಿಗೆ ಹೊರಟವನು ಸ್ನಾತಕ. ಈಗ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಮುಗಿಸಿದವರು ಸ್ನಾತಕರು. ಅದರ ಮುಂದಿನ ಎಂ.ಎ., ಎಂ.ಕಾಂ., ಎಂ.ಎಸ್ಸಿ. ಓದು ಸ್ನಾತಕೋತ್ತರ. ನಿಮ್ಮ ಮನೆಯ ಅಕ್ಕನೋ ಅಣ್ಣನೋ ‘ಪಿಜಿಗೆ ಅರ್ಜಿ ಹಾಕಬೇಕು’ ಎಂದು ಗಡಿಬಿಡಿ ಮಾಡುತ್ತಿದ್ದರೆ ಅದು ಇದೇ.

ನಾನು ಬಿ.ಕಾಂ. ಓದುವಾಗ ಬೆಳಗಾವಿಯ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಅದು ಹುಟ್ಟಿದ್ದು 1949ರಲ್ಲಿ. ಅದಕ್ಕೂ ಮೊದಲು ನಮ್ಮ ಭಾಗದವರಿಗೆಲ್ಲ ಮುಂಬಯಿ ವಿಶ್ವವಿದ್ಯಾಲಯವೇ. ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ಡಿ.ಸಿ. ಪಾವಟೆಯವರು ಗಣಿತ ಕಲಿಯಲು ಇಂಗ್ಲೆಂಡಿನ ಕೇಂಬ್ರಿಜ್‌ವರೆಗೆ ಹೋದರು. ಮುಂದೆ 1954ರಿಂದ 1967ರವರೆಗೆ ಧಾರವಾಡದ ಅದೇ ವಿಶ್ವವಿದ್ಯಾಲಯದ ಕುಲಪತಿಯಾಗಿ ಅದನ್ನು ಬೆಳೆಸಿದರು.

ಈಗ ಅಷ್ಟು ದೂರ ಹೋಗಬೇಕಿಲ್ಲ. 1982ರಲ್ಲಿ ಧಾರವಾಡದವರು ಬೆಳಗಾವಿಗೆ ಒಂದು ಸ್ನಾತಕೋತ್ತರ ಕೇಂದ್ರ ಕೊಟ್ಟರು. 2010ರಲ್ಲಿ ಅದೇ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಯಿತು. ಅದು ಹೆದ್ದಾರಿಯ ಮಗ್ಗುಲಿನ ಭೂತರಾಮನಹಟ್ಟಿಯಲ್ಲಿದೆ. ಅಲ್ಲಿಯ ಪ್ರಾಣಿಸಂಗ್ರಹಾಲಯ ನೋಡಲು ನಿಮ್ಮಲ್ಲಿ ಕೆಲವರು ಹೋಗಿರಬಹುದು.

ಕಳೆದ ಮಳೆಗಾಲದಲ್ಲಿ ಖಾನಾಪುರ ತಾಲ್ಲೂಕಿನ ಒಂದು ಹಳ್ಳಿಯಿಂದ ಅಜ್ಜಿ–ಮೊಮ್ಮಗಳು ನಮ್ಮ ಮನೆಗೆ ಬಂದರು. ನಾನು ಖಾನಾಪುರ ಶಾಖೆಯಲ್ಲಿದ್ದಾಗ ಆ ಅಜ್ಜಿ ನಮ್ಮ ಗಿರಾಕಿ. ಮೊದಲು ಹೆಬ್ಬೆಟ್ಟು ಒತ್ತುತ್ತಿದ್ದರು, ಆಮೇಲೆ ಹಟ ಹಿಡಿದು ಸಹಿ ಕಲಿತರು. ಮೊಮ್ಮಗಳು ಬಿ.ಕಾಂ.ನಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು. ಎಂ.ಕಾಂ.ಗೆ ಅರ್ಜಿ ಹಾಕಲು ಮೂರೇ ದಿನ ಉಳಿದಿತ್ತು.

“ಅಜ್ಜಾರ, ಕಂಪ್ಯೂಟರ್ ನನ್ನ ಹೆಸರು ಒಪ್ಪವಲ್ದರಿ” ಅಂದಳು ಹುಡುಗಿ.

“ಹುಡುಗಿ ಎದುರಿಗೆ ಕುಂತಾಳ, ಆದ್ರ ಹೆಸರು ಅಕಿದಲ್ಲ ಅಂತೈತಂತ್ರಿ ಅದು!” ಅಂದರು ಅಜ್ಜಿ.

ಪ್ಲಾಸ್ಟಿಕ್ ಚೀಲದಿಂದ ಕಾಗದಗಳು ಹೊರಬಂದವು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮೊದಲು ಅಡ್ಡಹೆಸರು, ಆಮೇಲೆ ಅವಳ ಹೆಸರು, ಕೊನೆಗೆ ತಂದೆಯ ಹೆಸರು. ಆಧಾರ್ ಕಾರ್ಡಿನಲ್ಲಿ ತಂದೆಯ ಹೆಸರೇ ಇಲ್ಲ, ಅಡ್ಡಹೆಸರು ಕೊನೆಗೆ, ಅದರಲ್ಲೂ ಒಂದು ಅಕ್ಷರ ಬೇರೆ.

ಇದು ಒಬ್ಬಳ ಕಥೆಯಲ್ಲ. ನಮ್ಮ ಜಿಲ್ಲೆ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರನ್ನೂ ಬರೆಯುವ ರೂಢಿ ಇಲ್ಲಿ ಗಟ್ಟಿ. ಮನೆಯಲ್ಲಿ ಮರಾಠಿ, ಕಚೇರಿಯಲ್ಲಿ ಕನ್ನಡ, ಕಾರ್ಡಿನಲ್ಲಿ ಇಂಗ್ಲಿಷ್ ಎಂದರೆ ಒಂದು ಹೆಸರಿಗೆ ಮೂರು ವೇಷ. ‘ಲಕ್ಷ್ಮಿ’ಯನ್ನೇ ನೋಡಿ. ಇಂಗ್ಲಿಷಿನಲ್ಲಿ ಒಬ್ಬರು ‘ಎಕ್ಸ್’ ಹಾಕಿ ಬರೆಯುತ್ತಾರೆ, ಇನ್ನೊಬ್ಬರು ‘ಕೆ, ಎಸ್, ಎಚ್’ ಹಾಕಿ. ಬ್ಯಾಂಕಿನ ಕೌಂಟರಿನಲ್ಲಿ ನಾವು ಮುಖ ನೋಡಿ, ಸಹಿ ನೋಡಿ ಗುರುತು ಹಿಡಿಯುತ್ತಿದ್ದೆವು. ಯಂತ್ರ ನೋಡುವುದು ಅಕ್ಷರ ಮಾತ್ರ.

ಮರುದಿನ ಹುಡುಗಿಯೊಂದಿಗೆ ನಾನೂ ಭೂತರಾಮನಹಟ್ಟಿಗೆ ಹೋದೆ. ಅರ್ಜಿಯಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವಂತೆಯೇ ಹೆಸರು ಬರೆಯಬೇಕು, ಎರಡೂ ಹೆಸರು ಒಬ್ಬಳದೇ ಎಂದು ಛಾಪಾ ಕಾಗದದ ಮೇಲೆ ನೋಟರಿಯವರ ಮುಂದೆ ಅಫಿಡವಿಟ್ ಮಾಡಿಸಬೇಕು ಎಂದು ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಅದಾಯಿತು. ಆಧಾರ್ ತಿದ್ದುಪಡಿಗೆ ಆಧಾರ್ ಕೇಂದ್ರಕ್ಕೆ ಹೋಗಬೇಕು. ಒಂದು ನೆನಪಿಡಿ: ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ 2 ಸಲ ಮಾತ್ರ ಅವಕಾಶ. ಆದ್ದರಿಂದ ಅಂಕಪಟ್ಟಿಯನ್ನು ಎದುರಿಗಿಟ್ಟುಕೊಂಡು ಒಂದೊಂದೇ ಅಕ್ಷರ ನೋಡಿ ತಿದ್ದಿಸಿ.

ಅರ್ಜಿಯ ನಡುವೆ ‘ಎಬಿಸಿ ಸಂಖ್ಯೆ’ ಎಂಬ ಮಾತು ಬಂತು. ಬ್ಯಾಂಕಿನವನಾದ ನನ್ನ ಕಿವಿ ನೆಟ್ಟಗಾಯಿತು, ಯಾಕೆಂದರೆ ಅದೂ ಒಂದು ಬ್ಯಾಂಕು! 2021ರಲ್ಲಿ ಆರಂಭವಾದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್. ಅಲ್ಲಿ ಹಣವಿಲ್ಲ, ಕಲಿಕೆಯೇ ಠೇವಣಿ. ವಾರಕ್ಕೆ 1 ಗಂಟೆಯಂತೆ ಒಂದು ಸೆಮಿಸ್ಟರ್ ಪಾಠ ಕೇಳಿ ಪಾಸಾದರೆ ಸಾಮಾನ್ಯವಾಗಿ 1 ಕ್ರೆಡಿಟ್. ಅದು ವಿದ್ಯಾರ್ಥಿಯ ಖಾತೆಗೆ ಜಮಾ ಆಗುತ್ತದೆ, ಗರಿಷ್ಠ 7 ವರ್ಷ ನಡೆಯುತ್ತದೆ. ಕಷ್ಟ ಬಂದು ಓದು ನಡುವೆ ನಿಂತರೂ ಗಳಿಸಿದ್ದು ಅಷ್ಟು ದಿನ ಅಲ್ಲೇ ಇರುತ್ತದೆ. ಖಾತೆಗೆ 12 ಅಂಕಿಯ ಸಂಖ್ಯೆ. ಇಲ್ಲಿಯೂ ಹೆಸರು ಸರಿಯಿರದಿದ್ದರೆ ತೊಡಕು ತಪ್ಪಿದ್ದಲ್ಲ.

ಸಂಜೆ ಮನೆಗೆ ಬಂದಾಗ ಅಜ್ಜಿ ಸೆರಗಿನ ಗಂಟು ಬಿಚ್ಚಿದರು. ಒಳಗೆ ಬೋರಮಾಳ ಸರ. “ಇದನ್ನ ಒತ್ತಿ ಇಟ್ಟು ಫೀ ಕಟ್ಟತೇನ್ರಿ. ನಮ್ಮ ಮನ್ಯಾಗ ಇಷ್ಟು ಓದಿದಾಕಿ ಇಕೀನ ಮೊದಲ್ನೇದಾಕಿ.”

ಸರವನ್ನು ಮತ್ತೆ ಗಂಟು ಕಟ್ಟಲು ಹೇಳಿದೆ. “ಯವ್ವಾ, ಬಂಗಾರ ಕಡೇ ಬಾಗಿಲು. ಅದಕ್ಕಿಂತ ಮುಂಚೆ ಬ್ಯಾರೆ ಬಾಗಿಲು ಅದಾವು.” ಸರ್ಕಾರಿ ವಿಶ್ವವಿದ್ಯಾಲಯದ ಶುಲ್ಕ ಖಾಸಗಿ ಕಾಲೇಜಿನಷ್ಟು ಇರುವುದಿಲ್ಲ. ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಅವು ಇದ್ದರೆ ರಾಜ್ಯ ವಿದ್ಯಾರ್ಥಿವೇತನದ ತಾಣವಾದ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಬಹುದು. ಅದೂ ಸಾಲದಿದ್ದರೆ ಬ್ಯಾಂಕಿನ ಶಿಕ್ಷಣ ಸಾಲವಿದೆ. 4 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಮನೆ, ಹೊಲ, ಬಂಗಾರ ಅಡವು ಇಡಬೇಕಿಲ್ಲ, ತಂದೆ ಅಥವಾ ತಾಯಿ ಜೊತೆಗೆ ಸಹಿ ಹಾಕಿದರೆ ಸಾಕು. ಸಾಮಾನ್ಯವಾಗಿ ಓದು ಮುಗಿದು 1 ವರ್ಷದ ನಂತರ ಕಂತು ಶುರುವಾಗುತ್ತದೆ. ಆದರೆ ಬಡ್ಡಿ ಮೊದಲ ದಿನದಿಂದಲೇ ಏರುತ್ತದೆ ಎಂಬುದನ್ನೂ ಅಜ್ಜಿಗೆ ಮುಚ್ಚಿಡದೆ ಹೇಳಿದೆ.

ಅರ್ಜಿ ಗಡುವಿನ ಹಿಂದಿನ ದಿನ ಹೋಯಿತು. ಮೊದಲ ಪಟ್ಟಿಯಲ್ಲಿ ಹುಡುಗಿಯ ಹೆಸರು ಬರಲಿಲ್ಲ. ಆ ವಾರ ಅಜ್ಜಿಯ ಫೋನಿನ ಮೇಲೆ ಫೋನು. ಎರಡನೆಯ ಪಟ್ಟಿಯಲ್ಲಿ ಬಂತು, ಅಡ್ಡಹೆಸರು ಮೊದಲು, ತಂದೆಯ ಹೆಸರು ಕೊನೆಗೆ. ಈಗ ಅವಳು ದಿನಾ ಬೆಳಿಗ್ಗೆ ಖಾನಾಪುರದ ಬಸ್ಸಿಗೆ ಬರುತ್ತಾಳೆ. ಶಕ್ತಿ ಯೋಜನೆ ಇರುವುದರಿಂದ ಬಸ್ಸಿನ ಖರ್ಚಿಲ್ಲ. ಬೋರಮಾಳ ಅಜ್ಜಿಯ ಕೊರಳಲ್ಲೇ ಇದೆ.

ಅಜ್ಜ–ಅಜ್ಜಿಯರೇ, ಆನ್‌ಲೈನ್ ಅರ್ಜಿ ನಮಗೆ ತಿಳಿಯುವುದಿಲ್ಲ ಎಂದು ದೂರ ಕೂರಬೇಡಿ. ಬೆರಳು ಮೊಮ್ಮಕ್ಕಳದಿರಲಿ, ಕಣ್ಣು ನಿಮ್ಮದಿರಲಿ. ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವವರಿದ್ದರೆ ಹಳೆಯ ವಿಶ್ವವಿದ್ಯಾಲಯದಿಂದ ಮೈಗ್ರೇಶನ್ ಪ್ರಮಾಣಪತ್ರ ತರಬೇಕು, ಅದಕ್ಕೆ ದಿನ ಹಿಡಿಯುತ್ತದೆ. ಎಂಬಿಎ, ಎಂಸಿಎಗೆ ಹೋಗುವವರಿಗೆ ಪರೀಕ್ಷಾ ಪ್ರಾಧಿಕಾರದ ಪಿಜಿಸಿಇಟಿ ಎಂಬ ಬೇರೆಯೇ ಪರೀಕ್ಷೆ ಇದೆ.

ಮಕ್ಕಳೇ, ನಿಮಗೊಂದು ಕೆಲಸ. ಈ ರವಿವಾರ ಅಜ್ಜ–ಅಜ್ಜಿಯ ಜೊತೆ ಕುಳಿತು ಮನೆಯ ಟ್ರಂಕು ತೆಗೆಯಿರಿ. ಜನನ ಪ್ರಮಾಣಪತ್ರ, ಶಾಲೆಯ ದಾಖಲೆ, ಆಧಾರ್ ಮೂರನ್ನೂ ಸಾಲಾಗಿ ಇಡಿ. ನಿಮ್ಮ ಹೆಸರು ಮೂರರಲ್ಲೂ ಒಂದೇ ತೆರನಾಗಿದೆಯೇ? ಇಲ್ಲದಿದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೆಸರು ಕಳಿಸುವ ಮೊದಲೇ ಮುಖ್ಯೋಪಾಧ್ಯಾಯರಿಗೆ ಹೇಳಿ. ಈಗಾದರೆ ಸುಲಭ, ಆಮೇಲೆ ಓಡಾಟ ಹೆಚ್ಚು.